ಗೇಟಿನ ಮುಂದೆ ನಿಂತ ಮಾತು

ಮಾಸ್ತರರಿಗೆ, ನಿಮ್ಮ ಬಾಜು ಸೀಟಿನ ದಸ್ತಗೀರನ ಸಲಾಮು.

ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವನ ಅಕ್ಷರ ಇದು. ತಪ್ಪಿಗೆ ಕೆಂಪು ಗೆರೆ ಎಳೆಯಲು ನೀವಿಲ್ಲ, ಅದೇ ಧೈರ್ಯ.

ಖಾನಾಪುರದ ಬೆಳಗಿನ ಪ್ಯಾಸೆಂಜರಿನಲ್ಲಿ ನೀವು ಮೊದಲ ಸಲ ಆ ಚಿತ್ರ ತೋರಿಸಿದ್ದು ನೆನಪಿದೆಯೇ? ನೀವು ಟಿಳಕವಾಡಿಯ ಸಾಲಿಗೆ ಹೊರಟಿದ್ದಿರಿ, ನಾನು ಉದ್ಯಮಬಾಗದ ಫೌಂಡ್ರಿಗೆ. "ಇದೇನ್ರೀ ಮಾಸ್ತರ, ನಡುವ ಬೆಣ್ಣಿ ಇಟ್ಟ ರೊಟ್ಟಿ ಇದ್ದಂಗೈತಿ" ಅಂದೆ. "ರೊಟ್ಟಿ ಅಲ್ಲೋ, ಗ್ಯಾಲಕ್ಸಿ. ಕೋಟಿ ಕೋಟಿ ನಕ್ಷತ್ರಗಳ ಸಂತಿ. ಇದರ ನಟ್ಟನಡುವ ಕಪ್ಪುಕುಳಿ ಐತಿ ಅಂತಾರ. ಅದರೊಳಗ ಬಿದ್ದ ಬೆಳಕೂ ಹೊರಗ ಬರೂದಿಲ್ಲ" ಅಂದಿರಿ. ಕಪ್ಪಿದ್ದರೆ ನಡುವೆ ಅಷ್ಟು ಬೆಳಕೆಲ್ಲಿಂದ ಬಂತು ಎಂದು ಕೇಳಿದೆ. "ಬೆಳಗಾವಿ ಬರಲಿ, ತೋರಸ್ತೀನಿ."

ಸ್ಟೇಶನ್ನಿನಲ್ಲಿ ಇಳಿದಾಗ ಟಿಕೀಟು ನೋಡುವ ಗೇಟಿನ ಮುಂದೆ ಎಂದಿನ ನೂಕುನುಗ್ಗಲು. ನನ್ನ ರಟ್ಟೆ ಹಿಡಿದು ನಿಲ್ಲಿಸಿದಿರಿ.

"ನೋಡು, ಗೇಟ್ ಏನರೆ ಗದ್ದಲ ಮಾಡಾಕತ್ತೈತೇನು? ಗದ್ದಲೆಲ್ಲಾ ಗೇಟಿನೊಳಗ ಹೊಂಟ ಮಂದೀದು. ಅಲ್ಲೂ ಹಂಗ. ಅನಿಲ, ಧೂಳು ಸುತ್ತತಾ ತಿಕ್ಕಾಡಿ ಕಾಯ್ತಾವ, ಬೀಳೂಕಿಂತ ಮೊದಲ ಉರೀತಾವ. ಆ ಬೆಳಕನ ನಮಗ ಕಾಣೂದು. ಒಂದಿಷ್ಟು ಒಳಗ ಹೋಗತೈತಿ, ಒಂದಿಷ್ಟು ಹೊರಗ ಚಿಮ್ಮತೈತಿ. ಒಳಗ ಹೋದಷ್ಟು ಕುಳಿ ಬೆಳೀತೈತಿ."

"ಹಂಗಾರ ಎಲ್ಲಾ ನಕ್ಷತ್ರ ಯಾಕ ಬಿದ್ದಿಲ್ಲರೀ?"

"ಚಾದಂಗಡಿ ಸುತ್ತ ತಿರಗೋರು ಗೇಟಿಗೆ ಬರ್ತಾರೇನು? ಯಾರರೆ ಢಿಕ್ಕಿ ಹೊಡದು ಅವರ ತಿರುಗಾಟ ಮುರೀಬೇಕು. ಎರಡು ಗಾಡಿ ಒಮ್ಮೆಲೆ ಬಂದಂಗ ಎರಡು ಗ್ಯಾಲಕ್ಸಿ ಕೂಡಿದ್ವು ಅಂದ್ರ, ಆವಾಗ ನೋಡು ಗೇಟಿನ ಮುಂದಿನ ಜಾತ್ರಿ."

ಇದನ್ನೇ ಖಾನಾಪುರದ ವಾಚನಾಲಯದಲ್ಲಿ ಭಾಷಣ ಮಾಡಬೇಕೆಂದು ನಿಮಗೆ ಹುಚ್ಚು ಹಿಡಿಯಿತು. ಒಂದು ತಿಂಗಳು ನನ್ನ ಮುಂದೆ ತಾಲೀಮು. "ನಿನಗ ತಿಳದ್ರ ಊರಿಗೆಲ್ಲಾ ತಿಳೀತೈತಿ" ಎಂಬುದು ಹೊಗಳಿಕೆಯೋ ಬೈಗುಳವೋ ಇವತ್ತಿಗೂ ಗೊತ್ತಿಲ್ಲ. ಹೇಳುತ್ತ ಹೇಳುತ್ತ ನಡುವೆ ನಿಂತುಬಿಡುತ್ತಿದ್ದಿರಿ. ನಾನೊಂದು ಚಾಷ್ಟಿ ಮಾಡುತ್ತಿದ್ದೆ, ನೀವು ನಗುತ್ತಿದ್ದಿರಿ, ನಗುವಿನಲ್ಲೇ ಮುಂದಿನ ಮಾತು ಸಿಗುತ್ತಿತ್ತು. ಅದು ನಮ್ಮಿಬ್ಬರ ರೂಢಿಯಾಯಿತು. ನೀವು ಯಾಕೆ ನಿಲ್ಲುತ್ತೀರಿ ಎಂದು ಒಂದು ದಿನವಾದರೂ ಕೇಳಿದೆನೇ?

ಆ ರವಿವಾರ ಮಧ್ಯಾಹ್ನ ನಮ್ಮ ರೈಲು ಡಬ್ಬಿಯ ಮಂದಿಯನ್ನೆಲ್ಲ ನಾನೇ ಎಳೆದು ತಂದು ಕೂಡಿಸಿದ್ದೆ. ನೀವು ಇಸ್ತ್ರಿ ಮಾಡಿದ ಕೋಟು ಹಾಕಿದ್ದಿರಿ. "ಉಣ್ಣಾಕ ಏನೂ ಸಿಗದಿದ್ದಾಗ ಕಪ್ಪುಕುಳಿ..." ಎಂದವರು ನಿಂತಿರಿ. ಮೇಜು ಹಿಡಿದುಕೊಂಡಿರಿ. ಮುಂದಿನ ಮಾತು ನನಗೆ ಬಾಯಿಪಾಠವಾಗಿತ್ತು ಮಾಸ್ತರ. ಗಾಡಿ ದೇಸೂರು ಸ್ಟೇಶನ್ ದಾಟಿದ ಮೇಲೆ ದಿನಾ ಬರುವ ಮಾತು ಅದು. ಎದ್ದು ಅದನ್ನೇ ಹೇಳಬಹುದಿತ್ತು. ನಾನು ಕೂಗಿದ್ದು ಬೇರೆ: "ಮಾಸ್ತರ ಮಾತನ್ನೂ ನುಂಗಿತು ನೋಡ್ರಪಾ ಕುಳಿ."

ಸಭೆ ನಕ್ಕಿತು. ನಕ್ಕಿತು, ನಿಲ್ಲಲೇ ಇಲ್ಲ. ನೀವೂ ನಗುತ್ತೀರೆಂದು ನಾನು ಕಾದೆ. ನೀವು ಹಾಳೆ ಮಡಚಿ ಕೋಟಿನ ಕಿಸೆಗೆ ಇಟ್ಟುಕೊಂಡಿರಿ.

ಮರುದಿನವೂ ಅದೇ ಸೀಟು. "ನಿಂದೇನ ತಪ್ಪಿಲ್ಲೋ ದಸ್ತಗೀರ" ಎಂದು ಕಿಟಕಿಯ ಹೊರಗೆ ನೋಡಿದಿರಿ. ಬೆಳಗಾವಿ ಬಂದಾಗ ಗೇಟಿನ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ರಜೆ, ದವಾಖಾನೆ, ಮತ್ತೆ...

ನಿಮ್ಮನ್ನು ಮಣ್ಣು ಮಾಡಿ ಬಂದ ದಿನ ನಿಮ್ಮ ಹೆಂಡತಿ, ನಮ್ಮ ಅಕ್ಕಾರು, ಹೇಳಿದರು. "ಅವರ ತಲ್ಯಾಗ ಗಂಟಿತ್ತೋ ತಮ್ಮಾ. ಮಾತು ಕೈ ಕೊಡ್ತಿತ್ತು. ಭಾಷಣ ಬ್ಯಾಡ ಅಂದ್ರ, ದಸ್ತಗೀರ ಇರ್ತಾನ, ನಡೀತೈತಿ ಅಂದ್ರು."

ಅಂದರೆ ಮೇಜು ಹಿಡಿದು ನಿಂತಾಗ ನೀವು ನನಗಾಗಿಯೇ ಕಾದಿದ್ದಿರಾ? ಚಾಷ್ಟಿಗೋ, ಮಾತಿಗೋ? ಯಾವುದಕ್ಕೆಂದು ಈಗ ಯಾರನ್ನು ಕೇಳಲಿ?

ನಿಮಗೆ ಗೊತ್ತಿಲ್ಲದ ಒಂದು ಸುದ್ದಿ ಇದೆ. ಹೋದ ರವಿವಾರ ನಿಮ್ಮ ವರ್ಷದ ನೆನಪಿಗೆ ಅದೇ ವಾಚನಾಲಯದಲ್ಲಿ ಸೇರಿದ್ದೆವು. ಅಕ್ಕಾರು ನಿಮ್ಮ ಹಾಳೆಗಳನ್ನು ನನ್ನ ಕೈಗೆ ಕೊಟ್ಟರು. ಅವನ್ನು ಬಿಚ್ಚಲಿಲ್ಲ. ನೀವು ನಿಂತಲ್ಲಿಂದ ಹೇಳಿದೆ.

"ಉಣ್ಣಾಕ ಏನೂ ಸಿಗದಿದ್ದಾಗ ಕಪ್ಪುಕುಳಿ ಸಾಯೂದಿಲ್ಲ. ಸುತ್ತಲಿನ ಬೆಳಕು ಆರತೈತಿ, ಅಷ್ಟ. ಅದು ಕತ್ತಲದಾಗ ಇದ್ದಲ್ಲೇ ಇರತೈತಿ. ಗಾಡಿ ಇಲ್ಲದ ಹೊತ್ತಿನ ಗೇಟಿದ್ದಂಗ."

ಯಾರೂ ನಗಲಿಲ್ಲ. ಮಾತು ಮುಗಿದ ಮೇಲೂ ಡಬ್ಬಿಯ ಮಂದಿ ನನ್ನ ಮುಖವನ್ನೇ ನೋಡುತ್ತಿದ್ದರು, ಈಗೊಂದು ಚಾಷ್ಟಿ ಹಾರಿಸುತ್ತಾನೆ ಎಂದು.

ನನ್ನ ಹತ್ತಿರ ಏನೂ ಇರಲಿಲ್ಲ, ಮಾಸ್ತರ.