ಹಗ್ಗ ಹಿಡಿಯುವವರು

ಅಗರಖೇಡ,
೧೨ ಮಾರ್ಚ್ ೧೯೭೬

ಚಿರಂಜೀವಿ ಶೇವಂತೆವ್ವಳಿಗೆ ತಂದೆಯ ಆಶೀರ್ವಾದ.

ನೀನು ಕಲಿಸುವ ಶಾಲೆಯ ರಜೆಯಲ್ಲಿ ಜೊತೆಯ ಶಿಕ್ಷಕರೊಡನೆ ಜಮೈಕಾದ ಸಮುದ್ರಕ್ಕಿಳಿದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಹವಳದ ದಿಬ್ಬಗಳನ್ನು ನೋಡುವೆಯೆಂದು ಬರೆದಿರುವೆ. ನೀರು ತಿಳಿಯಾಗಿದೆ, ಸೆಳೆತವಿಲ್ಲ, ಆದ್ದರಿಂದ ಅಪಾಯವಿಲ್ಲವೆಂಬುದು ನಿನ್ನ ವಾದ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆದ್ದ ನನ್ನಲ್ಲಿ ಇದಕ್ಕಿರುವ ಉತ್ತರ ಒಂದೇ. ನಿನ್ನ ಅಣ್ಣ ಅಮೋಘಸಿದ್ಧ ಮುಳುಗಿದ ದಿನವೂ ಭೀಮಾ ಹೊಳೆಯ ತಳ ಕಾಣುತ್ತಿತ್ತು.

ಬಾವಿಯಲ್ಲಿ ಈಜು ಕಲಿಸುವಾಗ ನಿನ್ನ ನಡುವಿಗೆ ಹಗ್ಗ ಕಟ್ಟಿ, ತುದಿಯನ್ನು ನಾನು ಹಿಡಿದಿರುತ್ತಿದ್ದೆ. ಅಲ್ಲಿಯೂ ದೋಣಿಯಲ್ಲಿ ಒಬ್ಬರು ಹಾಗೆಯೇ ಹಿಡಿದು ನಿಲ್ಲಲಿ. ಮೇಲೆ ಬಂದೊಡನೆ ತಂತಿ ಕಳುಹಿಸು. ಅಂದು ಇಂಡಿ ಪಟ್ಟಣದ ಟಪಾಲು ಕಚೇರಿಯಲ್ಲೇ ಕುಳಿತಿರುತ್ತೇನೆ.

ನಿನ್ನ ಅವ್ವ ನಿನ್ನೆ ಕೇಳಿದಳು: "ಅಲ್ಲಿ ಹಗ್ಗ ಹಿಡಿಯಾವ್ರು ಯಾರದಾರ್ರಿ?"

"ಅದಾರ" ಎಂದೆ. ಆ ಮಾತನ್ನು ಸುಳ್ಳು ಮಾಡಬೇಡ.

ತಂತಿಯ ದಾರಿ ಕಾಯುವ ನಿನ್ನ ತಂದೆ,
ಕಾಳಪ್ಪ