ಮೇಷ್ಟ್ರು ಬಿಟ್ಟುಹೋದ ಗೋಸುಂಬೆ

ಮೇಷ್ಟ್ರೇ,

ಸತ್ತವರಿಗೆ ಕಾಗದ ಬರೆಯುವ ಗ್ರಹಚಾರವೂ ನನಗೆ ಬಂತಲ್ಲ! ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟು ಲಾರಿ ಕ್ಲೀನರ್ ಆದವನು ನಾನು. ಪೆನ್ನು ಹಿಡಿದರೆ ಬೆರಳು ಮರಗಟ್ಟುತ್ತದೆ. ಆದರೂ ಬರೆಯುತ್ತಿದ್ದೇನೆ, ನನ್ನ ಮಗಳು ಸುಜಾತಳ ಕಾಟಕ್ಕೆ. ಆಸ್ಪತ್ರೆಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದು ಹಗಲು ಮಲಗುವವಳು ಅವಳು. ಇವತ್ತು ಬೆಳಿಗ್ಗೆ ನಿಮ್ಮ ಗೋಸುಂಬೆಯ ಪಂಜರದ ಮುಂದೆ ನಿಂತು ನಿಮ್ಮನ್ನು ಬೈಯುತ್ತಿದ್ದೆ, ಸ್ವಲ್ಪ ಜೋರಾಗಿಯೇ. ಎದ್ದು ಬಂದವಳೇ ಹಾಳೆ, ಪೆನ್ನು ತಂದು ಮೇಜಿನ ಮೇಲೆ ಕುಕ್ಕಿದಳು. "ಅಪ್ಪ, ಮೇಷ್ಟ್ರನ್ನ ಬೈಯೋದಿದ್ರೆ ಬರೆದು ಬೈಯಿ. ನನಗೆ ನಿದ್ದೆ ಬೇಕು." ಸರಿ, ಬರೆದೇ ಬೈಯುತ್ತೇನೆ. ಕೆಂಪು ಶಾಯಿ ಹಿಡಿದು ತಪ್ಪು ತಿದ್ದಲು ನೀವಂತೂ ಬರುವುದಿಲ್ಲ.

ಆ ಅಂಗಡಿಯ ಮುಂದೆ ನೀವು ನಿಂತುಬಿಟ್ಟಿರಲ್ಲ, ಅಲ್ಲಿಂದ ಶುರುವಾಯಿತು ನನ್ನ ಶನಿಕಾಟ. ಬೇಸಿಗೆಯಲ್ಲಿ ಡಾಲಸ್ ಪಕ್ಕದ ಈ ಫ್ಲವರ್ ಮೌಂಡ್‌ನ ರಸ್ತೆಗಳು ಕಾದ ಕಾವಲಿ. ನಡೆಯಬೇಕೆಂದರೆ ನಮಗಿದ್ದದ್ದು ಮಾಲ್ ಒಂದೇ. ನಿಮ್ಮ ಮಗ ಇಬ್ಬರು ಮುದುಕರನ್ನೂ ಅಲ್ಲಿ ಇಳಿಸಿ ಹೋಗುತ್ತಿದ್ದ, ಎಮ್ಮೆ ಮೇಯಲು ಬಿಟ್ಟ ಹಾಗೆ. ಮೈಸೂರಿನಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿದವನು ನಾನು, ಇಲ್ಲಿ ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಕೂರಬೇಕು. ಅದಿರಲಿ. ಪ್ರಾಣಿಗಳ ಅಂಗಡಿಯ ಗಾಜಿನಾಚೆ ಬೆರಳುದ್ದದ ಹಸಿರು ಮರಿಯೊಂದು ಕೊಂಬೆ ಹಿಡಿದು ಕೂತಿತ್ತು.

"ಡ್ರೈವರ್ ಸಾಹೇಬ್ರ, ನಮ್ಮ ಧಾರವಾಡದ ಕಡೆ ಹೊಲದಾಗ ಇದು ಕಂಡ್ರ ಸಾಕು, ಸಾಲಿ ಹುಡುಗೂರು ಕಲ್ಲು ಒಗೀತಿದ್ರು. ಕೈಯಾಗ ತೊಗೊಂಡು ಒಮ್ಮೆನೂ ನೋಡಿಲ್ಲ ನಾ."

"ಈ ವಯಸ್ಸಲ್ಲಿ ನಿಮಗ್ಯಾಕ್ರೀ ಅದು? ಮನೇಲಿ ಮೊಮ್ಮಕ್ಕಳಿದ್ದಾರೆ, ಅವರನ್ನ ಎತ್ತಿಕೊಳ್ಳಿ."

"ಅವು ನಿಂದರೂದಿಲ್ಲರೀ. ಇದು ನಿಂತದ ನೋಡ್ರಿ."

ನೀವು ಅದನ್ನು ಪಂಜರದ ಸಮೇತ ಕೊಂಡಿರಿ. ತಲೆಯ ಮೇಲೆ ಕಿರೀಟದಂಥದ್ದು ಇದೆಯೆಂದು ರಾಜಪ್ಪ ಎಂದು ಹೆಸರನ್ನೂ ಇಟ್ಟಿರಿ.

ಮೊದಲ ಸಲ ನಾನು ಪಂಜರದೊಳಗೆ ಕೈ ಹಾಕಿದಾಗ ಅದು ಮೈ ಉಬ್ಬಿಸಿ, ಬಾಯಿ ತೆರೆದು, ಹಾವಿನ ಹಾಗೆ ಬುಸ್ಸೆಂದಿತು. ನಾನು ಎರಡು ಹೆಜ್ಜೆ ಹಿಂದಕ್ಕೆ ಹಾರಿದೆ. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. "ಮ್ಯಾಲಿಂದ ಕೈ ಹಾಕಬ್ಯಾಡ್ರಿ, ಹದ್ದು ಬಂತಂತ ತಿಳೀತದ. ಕೈ ಕೆಳಗ ಇಡ್ರಿ, ಟೊಂಗಿ ಹಂಗ. ಏರೂದಿದ್ರ ತಾನಾ ಏರ್ತದ." ಏರಿದರೇ ತೊಂದರೆ ಅಂದೆ ನಾನು. ಗೋಸುಂಬೆ ಮೈಮೇಲೆ ಹತ್ತಿದರೆ ಯಾವ ಅಂಗಕ್ಕೆ ಏನು ಫಲ ಎಂದು ಪಂಚಾಂಗದಲ್ಲೇ ಇದೆ, ಹೆಚ್ಚಿನವು ಕೆಟ್ಟವೇ. ನೀವು ಕನ್ನಡಕ ಸರಿಮಾಡಿಕೊಂಡು, ಪಾಠ ಹೇಳುವ ದನಿಯಲ್ಲಿ, "ಆ ಫಲಾ ಅದು ತಾನಾಗೇ ಏರಿದ್ರ ಮಾತ್ರ. ಅಷ್ಟು ಪುಣ್ಯ ನಿಮ್ಮ ಹಣ್ಯಾಗ ಬರ್ದಿಲ್ಲ, ಚಿಂತಿ ಮಾಡಬ್ಯಾಡ್ರಿ" ಅಂದಿರಿ. ಎಂಥ ಕೊಂಕು ನಿಮ್ಮದು! ಅದು ಬಟ್ಟಲಿನ ನೀರು ಕುಡಿಯುವುದಿಲ್ಲ, ಎಲೆಯ ಮೇಲೆ ಜಾರುವ ಹನಿಯನ್ನೇ ನೆಕ್ಕುತ್ತದೆ ಎಂದು ತಿಳಿದಾಗ, ಪ್ಲಾಸ್ಟಿಕ್ ಲೋಟಕ್ಕೆ ಸೂಜಿಯಿಂದ ತೂತು ಕೊರೆದು, ಈಶ್ವರನಿಗೆ ಧಾರಾಪಾತ್ರೆ ಕಟ್ಟಿದ ಹಾಗೆ ಪಂಜರದ ಮೇಲೆ ಕಟ್ಟಿದಿರಿ. ಕೆಳಗೆ ದಾಸವಾಳದ ಕುಂಡ. ಹನಿ ಬೀಳುವುದನ್ನು ನೋಡುತ್ತ ಇಬ್ಬರೂ ಕೂತಿರುತ್ತಿದ್ದೆವು. ಆಗ ನನಗೆ ಊರು ಅಷ್ಟಾಗಿ...

ಕೊನೆಯ ದಿನ ಆಸ್ಪತ್ರೆಯಲ್ಲಿ ನಿಮ್ಮ ಕೈ ಹಿಡಿದು ಕೂತಿದ್ದಾಗ, ಹೆಂಡತಿ ಮಕ್ಕಳ ವಿಷಯ ಹೇಳುತ್ತೀರಿ ಅಂದುಕೊಂಡಿದ್ದೆ. ನೀವು ಹೇಳಿದ್ದು, "ಡ್ರೈವರ್ ಸಾಹೇಬ್ರ, ರಾಜಪ್ಪ ಇನ್ನೂ ಹೊಸಬ. ಒಗ್ಗೂತನಕಾ ಕೈ ಬಿಡಬ್ಯಾಡ್ರಿ." ಸಾಯುವವರ ಮುಂದೆ ಇಲ್ಲ ಅನ್ನುವ ಗಂಡಸು ಯಾರಿದ್ದಾನೆ? ಹೂಂ ಅಂದೆ. ನೀವು ಹೋದಮೇಲೆ ನಿಮ್ಮ ಮಗ ಮನೆ ಖಾಲಿ ಮಾಡಿ ಆಸ್ಟಿನ್‌ಗೆ ಶಿಫ್ಟ್ ಆದ. ಅಲ್ಲಿ ಬಾಡಿಗೆ ಮನೆಯಲ್ಲಿ ಪ್ರಾಣಿ ಇಡುವಂತಿಲ್ಲವಂತೆ. "ಅಂಕಲ್, ನಿಮಗೆ ಕಷ್ಟ ಆದ್ರೆ ಅಂಗಡಿಗೇ ವಾಪಸ್ ಕೊಡ್ತೀನಿ" ಅಂದ. ಕೊಡು ಅನ್ನಬೇಕಿತ್ತು. ಬೇಡ, ನನಗೇ ಕೊಡು ಅಂದೆ.

ಪಂಜರ ನಮ್ಮ ಮನೆಗೆ ಬಂದ ದಿನ ಅದನ್ನು ದೇವರ ಕೋಣೆಯಲ್ಲಿ ಇಡಿಸಿದೆ. ಟಿವಿ, ಫೋನು ಯಾವುದರ ಗಲಾಟೆಯೂ ಇಲ್ಲದ ಜಾಗ ಅದೊಂದೇ. ನಾನು ಮಾಡಿದ್ದು ಒಳ್ಳೆಯದಕ್ಕೇ. ಎರಡು ಹೊತ್ತು ಊದುಬತ್ತಿ, ಧೂಪ, ಗಂಟೆ. ರಾಜಪ್ಪ ಕಪ್ಪಾದ. ಕಣ್ಣು ಮುಚ್ಚಿ ಕೂತ. ಸುಜಾತ ನೋಡಿ, "ಅಪ್ಪ, ಇಷ್ಟು ಹೊಗೆಗೆ ನನಗೇ ಕೆಮ್ಮು ಬರುತ್ತೆ, ಅದು ಎಲ್ಲಿಗೆ ಓಡಬೇಕು?" ಅಂದಳು. ಪಂಜರವನ್ನು ಎತ್ತಿ ಹಾಲ್‌ನ ಕಿಟಕಿಯ ಬಳಿ, ನಮ್ಮ ತಲೆಗಿಂತ ಮೇಲೆ ಕೂರುವ ಹಾಗೆ ಇಟ್ಟೆವು. ಮೇಲೆ ಕೂತರೆ ಅದಕ್ಕೆ ಭಯ ಕಡಿಮೆಯಂತೆ. ಮೈ ಹಸಿರಾಯಿತು. ತಿನ್ನಲೂ ತೊಡಗಿತು, ನಾನು ಕೋಣೆಯಲ್ಲಿ ಇಲ್ಲದಾಗ ಮಾತ್ರ. ನಾನು ಬಂದರೆ ಕೊಂಬೆಯ ಹಿಂದಕ್ಕೆ ಸರಿದು, ಒಂದು ಕಣ್ಣನ್ನಷ್ಟೇ ನನ್ನ ಕಡೆ ತಿರುಗಿಸುವುದು. ತಿಂಗಳುಗಟ್ಟಲೆ ಇದೇ ಆಯಿತು. ಹುಳು ಹಿಡಿದು ಕೈ ಚಾಚಿ ನಿಂತು ನನ್ನ ತೋಳು ಬಿದ್ದುಹೋಯಿತು.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಅದು ಕೊಂಬೆಯಿಂದ ಇಳಿದು ಪಂಜರದ ತಳದಲ್ಲಿ ಓಡಾಡುತ್ತಿತ್ತು. ಮೂಲೆ ಮೂಲೆ ಕೆರೆಯುವುದು, ಜಾಲರಿ ಹತ್ತುವುದು, ಬೀಳುವುದು, ಮತ್ತೆ ಕೆರೆಯುವುದು. ಊಟ ಬಿಟ್ಟಿತು. ಮತ್ತೆ ಕಪ್ಪಾಯಿತು. ನನಗೆ ತಿಳಿಯಿತು ಅಂದುಕೊಂಡೆ. ಇದಕ್ಕೂ ಇಲ್ಲಿಂದ ಹೊರಗೆ ಹೋಗಬೇಕು, ನನಗೂ ಹೋಗಬೇಕು. ಬಾಗಿಲು ತೆಗೆದರೆ ನನಗೇನು ಸಿಗುತ್ತದೆ, ಹೇಳಿ? ಕತ್ತರಿಸಿದ ಹುಲ್ಲು, ಮುಚ್ಚಿದ ಗ್ಯಾರೇಜುಗಳು, ನಾನು ನಡೆದರೆ ನಿಧಾನಿಸಿ ನೋಡಿ ಹೋಗುವ ಕಾರುಗಳು. ಹೊರಗೆ ಹೋಗಿ ಒಂದು ಟೀ ಕುಡಿಯಲು ಮಗಳು ಏಳುವವರೆಗೆ ಕಾಯಬೇಕು. "ನಿನ್ನನ್ನು ಬಿಟ್ಟರೆ ಬರೋ ಚಳಿಗೆ ಸಾಯ್ತೀಯ, ನನ್ನನ್ನು ಬಿಟ್ಟರೆ ದಾರಿ ತಪ್ತೀನಿ. ಬಿದ್ದಿರು" ಎಂದು ಅದಕ್ಕೆ ಕೂಗಿದೆ.

ಕೂಗಿಗೆ ಸುಜಾತ ಎದ್ದು ಬಂದಳು. ಪಂಜರ ಎತ್ತಿಟ್ಟ ಮೇಲೆ ಅದರ ಹತ್ತಿರ ಸುಳಿಯದವಳು ಕತ್ತು ಚಾಚಿ, ರಾಜಪ್ಪನ ಹೊಟ್ಟೆಯನ್ನೇ ನೋಡುತ್ತ ನಿಂತಳು. ಹೆರಿಗೆ ವಾರ್ಡಿನ ನರ್ಸು ಅಲ್ಲವೇ.

"ಅಪ್ಪ, ನಿನ್ನ ರಾಜಪ್ಪ ಬಸುರಿ."

"ಥೂ, ಏನು ಮಾತಾಡ್ತೀಯೇ? ಒಂಟಿ ಪ್ರಾಣಿ ಅದು!"

"ಹುಂಜ ಇಲ್ಲದಿದ್ರೂ ಕೋಳಿ ಮೊಟ್ಟೆ ಇಡಲ್ವಾ? ಪಕ್ಕದಲ್ಲಿ ನೋಡು, ಗೋಲಿ ತುಂಬಿದ ಚೀಲದ ಹಾಗಿದೆ."

ಕೇಳಿದಿರಾ ಮೇಷ್ಟ್ರೇ? ನಲವತ್ತು ವರ್ಷ ಹುಡುಗ ಹುಡುಗಿಯರಿಗೆ ಹಾಜರಿ ಕೂಗಿದವರು ನೀವು! ಪ್ರಾಣಿಗಳ ಡಾಕ್ಟರಿಗೆ ಫೋನ್ ಮಾಡಿದಳು. ಮಣ್ಣು ಸಿಗದೆ ಮೊಟ್ಟೆ ಒಳಗೇ ಉಳಿದರೆ ತಾಯಿ ಸಾಯುತ್ತದೆ, ತೋಡುವಾಗ ಯಾರಾದರೂ ಕಂಡರೆ ಅರ್ಧಕ್ಕೇ ಬಿಟ್ಟುಬಿಡುತ್ತದೆ ಅಂದರಂತೆ. ಬಕೆಟ್ಟಿನಲ್ಲಿ ಒದ್ದೆ ಮರಳು ತುಂಬಿ ಒಳಗಿಟ್ಟೆವು. ಸುತ್ತ ನನ್ನ ಪಂಚೆ ಕಟ್ಟಿದೆವು. ಆಮೇಲೆ ಅವಳು ನನ್ನ ಕಡೆ ತಿರುಗಿ, "ಇನ್ನು ಈ ಮನೇಲಿ ಒಂದು ಸದ್ದು ಬರಕೂಡದು" ಅಂದಳು. ನಾನು, ಬಸ್ಸಿನ ಹಿಂದಿನ ಬಾಗಿಲಿನವರೆಗೆ ಕೇಳುವ ಹಾಗೆ ಬೈಯುತ್ತಿದ್ದವನು, ಕೆಮ್ಮು ಬಂದರೆ ಗ್ಯಾರೇಜಿಗೆ ಹೋಗಿ ಕೆಮ್ಮಿ ಬಂದೆ. ಹೂಸ್ಟನ್‌ಗೆ ಕೆಲಸಕ್ಕೆಂದು ಹೋಗಿ ಅಲ್ಲೇ ಬೇರೆ ಮನೆ ಮಾಡಿಕೊಂಡ ಅಳಿಯನನ್ನು ದಿನವೂ ಶಪಿಸುತ್ತಿದ್ದೆನಲ್ಲ, ಅದೂ ನಿಂತಿತು. ಆ ಹೊತ್ತಿನಲ್ಲೇ ಸುಜಾತ ನನ್ನ ಪಕ್ಕ ಕೂತು, ಪಿಸುದನಿಯಲ್ಲಿ, ಅವನು ಇನ್ನು ಬರುವುದಿಲ್ಲ ಎಂದು ಹೇಳಿದಳು. ನಾನು ಕೂಗುವಂತಿರಲಿಲ್ಲ. ಅವಳು ಹೇಳಿ ಮುಗಿಸಿದಳು.

ಮೊಟ್ಟೆಯೆಲ್ಲಾ ಇಟ್ಟು ಮುಗಿಸಿ ಅದು ಹೊರಬಂದಾಗ ಎಲುಬಿಗೆ ಚರ್ಮ ಅಂಟಿತ್ತು, ಮೈತುಂಬ ಮರಳು. ಧಾರೆ ಬಿಟ್ಟೆ, ಕುಡಿಯಿತು. ಹುಳು ಹಿಡಿದು ಸುಮ್ಮನೆ ನಿಂತೆ. ಎರಡೂ ಕಣ್ಣು ನನ್ನ ಬೆರಳಿಗೆ ಹೊರಳಿದವು, ಟಪ್ಪೆಂದು ನಾಲಿಗೆ ಬಂತು. ಬಾಣಂತಿಗೆ ಹಸಿವು ಹೆಚ್ಚು. ದಿನವೂ ಹಾಗೆಯೇ ತಿಂದು, ಕಳೆದ ಭಾನುವಾರ ಹುಳು ತೀರಿದ ಮೇಲೂ ಹಿಂದೆ ಸರಿಯಲಿಲ್ಲ. ಒಂದು ಕಾಲು ನನ್ನ ಹೆಬ್ಬೆರಳಿನ ಮೇಲೆ ಇಟ್ಟು, ಎಲೆ ಗಾಳಿಗೆ ಅಲ್ಲಾಡುವ ಹಾಗೆ ಹಿಂದೆ ಮುಂದೆ ತೂಗಿ, ಇನ್ನೊಂದು ಇಟ್ಟಿತು. ಮುಂಗೈವರೆಗೆ ಬಂದು ಕೂತಿತು. ಹಸಿರಾಗಿಯೇ ಇತ್ತು ಮೇಷ್ಟ್ರೇ. ಉಗುರು ತಣ್ಣಗಿತ್ತು.

ಊರಿಗೆ ಹೋಗುವ ನನ್ನ ಟಿಕೆಟ್ಟು ಈ ತಿಂಗಳ ಇಪ್ಪತ್ತೆಂಟಕ್ಕೆ, ಡಾಲಸ್‌ನಿಂದ. ಇದು ಒಗ್ಗಿದರೆ ಸುಜಾತಳ ಕೈಗೆ ದಾಟಿಸಿ ಹೊರಡುವುದೆಂದು ಲೆಕ್ಕ ಹಾಕಿದ್ದೆ. ಅವಳೂ ಕೆಲಸದಿಂದ ಬಂದು, ಕಣ್ಣೆಳೆಯುತ್ತಿದ್ದರೂ, ನಾನು ಹೇಳಿದ ಹಾಗೆಯೇ ಕೈಯೊಡ್ಡಿ ನಿಲ್ಲುತ್ತಾಳೆ. ಅವಳ ಕೈ ಕಂಡರೆ ಕಪ್ಪಾಗುತ್ತದೆ, ಬಾಯಿ ತೆರೆಯುತ್ತದೆ. ನಿನ್ನೆ ಅವಳು, "ನೀನು ಹೋಗಪ್ಪ, ನಾನು ಹೇಗೋ ನೋಡ್ಕೋತೀನಿ" ಅಂದಳು. ಆ 'ಹೇಗೋ' ಗೋಸುಂಬೆಗೆ ಹೇಳಿದ್ದೋ, ತನಗೆ ಹೇಳಿಕೊಂಡದ್ದೋ. ಊರಿನಲ್ಲಿ ನನಗೆ ಕಾಯುವವರು ಯಾರೂ ಇಲ್ಲ, ನಿಜ. ಆದರೆ ನಡೆಯಲು ರಸ್ತೆಯಿದೆ, ಜಗಳವಾಡಲು ಜನ ಇದ್ದಾರೆ. ನನ್ನ ಬಾಗಿಲು ತೆಗೆಯಲೆಂದು ಇದನ್ನು ಒಗ್ಗಿಸಿದೆ, ಒಗ್ಗಿದ್ದೇ ಚಿಲಕ ಬಿತ್ತು. ನಿಮಗೆ ಇದು ಮೊದಲೇ ಗೊತ್ತಿತ್ತೇ? ಬೇಕೆಂದೇ ಕಟ್ಟಿಹಾಕಿ ಹೋದಿರೇ? ಒಗ್ಗುವ ತನಕ ಕೈ ಬಿಡಬೇಡಿ ಅಂದಿರಿ. ಒಗ್ಗಿದೆ. ಈಗ ಬಿಡುವುದೋ ಬೇಡವೋ? ಟಿಕೆಟ್ಟಿನವನು ಇಪ್ಪತ್ತೊಂದನೇ ತಾರೀಖಿನ ಮೇಲೆ ಬದಲಾಯಿಸುವುದಿಲ್ಲವಂತೆ. ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಹೇಳಿ. ಇಪ್ಪತ್ತರೊಳಗೆ ಉತ್ತರ ಬೇಕು.