ಮೈಲಿಗೆಯಾಯಿತೆಂಬ ಮಗ್ಗದ ಗುಂಡಿ

ಮೊಳಕಾಲ್ಮೂರು
೧೪-೯-೧೯೯೯

ರೂಪಳ ಅಪ್ಪನವರಿಗೆ,

ಇದಕ್ಕಿಂತ ಹೆಚ್ಚಿನ ಸಂಬೋಧನೆ ಇವತ್ತು ಕೈಗೆ ಬರಲಿಲ್ಲ. ಆರೋಗ್ಯ ಹೇಗಿದೆ? ಕೆಲಸಕ್ಕೆ ಹೋದ ಧರ್ಮಾವರದ ನೀರು ಒಗ್ಗಿತೇ? ರೂಪ ಗೋಡೆ ಹಿಡಿದು ನಿಲ್ಲುತ್ತಾಳೆ. ನಿಮ್ಮವ್ವ ಗಟ್ಟಿಯಾಗಿದ್ದಾರೆ. ನನ್ನೊಡನೆ ಮಾತು ಬಿಟ್ಟು, ಬೈಗುಳವನ್ನೆಲ್ಲ ಗೋಡೆಗೆ ಹೇಳುತ್ತಾರೆ.

ನಿಮ್ಮವ್ವ ಬರೆಸಿದ ದೂರಿಗೆ ಉತ್ತರವಾಗಿ ನಿಮ್ಮ ಕಾಗದ ಹೋದ ಸೋಮವಾರ ಬಂತು. "ಮಗ್ಗದ ಗುಂಡಿಗೆ ಮೈಲಿಗೆ ಮಾಡಿದೀಯ, ನಾನು ಬರೋದ್ರೊಳಗೆ ತವರಿಗೆ ಹೋಗಿರು" ಎಂದು ಬರೆದಿದ್ದೀರಿ. ಗುಂಡಿಯೊಳಗೆ ಕಾಲಿಳಿಸಿ ಕೂತು ಮಗ್ಗದ ಕಾಲಹಲಗೆ ತುಳಿಯುವಾಗ, ಕೆಮ್ಮಿದಾಗ ನನಗೆ ಮೂತ್ರ ಜಿನುಗುತ್ತದೆ, ನಿಜ. ಬಟ್ಟೆ ಮಡಿಸಿ ಇಟ್ಟುಕೊಂಡೇ ಗುಂಡಿಗೆ ಇಳಿಯುತ್ತೇನೆ. ಸೀರೆಗೆ ಒಂದು ಹನಿಯೂ ತಾಗಿಲ್ಲ. ನಿಮ್ಮವ್ವ ಗುಂಡಿಗೆ ಗಂಜಲ ಚಿಮುಕಿಸಿ, "ಮದುವೆ ಸೀರೆ ನೇಯೋ ಮಗ್ಗ ಐತಿದು, ನೀನು ಇಳಿಯಂಗಿಲ್ಲ" ಎಂದು ಅಡ್ಡ ನಿಂತರು. ದನದ ಉಚ್ಚೆಯಿಂದ ಶುದ್ಧವಾಗುವ ಗುಂಡಿ ನನ್ನದರಿಂದ ಹೇಗೆ ಕೆಡುತ್ತದೆ ಎಂದು ಕೇಳಿದೆ. ಮಾತು ಬಿಟ್ಟಿದ್ದು ಅವತ್ತಿನಿಂದ.

ಇದು ನನ್ನ ಮೈಯ ಚಾಳಿ ಎಂದೂ ಬರೆದಿದ್ದೀರಲ್ಲ, ಅದಕ್ಕೇ ಗುರುವಾರ ಚಳ್ಳಕೆರೆಗೆ ಹೋಗಿ ಲೇಡಿ ಡಾಕ್ಟರಿಗೆ ತೋರಿಸಿದೆ. ಮೂತ್ರಚೀಲವನ್ನು ಕೆಳಗಿನಿಂದ ಹಿಡಿದಿರುವ ಸ್ನಾಯುಗಳು ಹೆರಿಗೆಯಲ್ಲಿ ಸಡಿಲವಾಗಿವೆಯಂತೆ. ಹೊಟ್ಟೆ ಕೊಯ್ಯಿಸಿಕೊಂಡು ಹೆತ್ತವರಿಗಿಂತ ಸಹಜವಾಗಿ ಹೆತ್ತವರಲ್ಲಿ ಇದು ಜಾಸ್ತಿ. ಮಗು ದೊಡ್ಡದಿದ್ದು ಇಕ್ಕಳ ಹಾಕಿ ಎಳೆದರೆ ಇನ್ನೂ ಜಾಸ್ತಿ. ಮೂತ್ರ ತಡೆಯುವ ಹಾಗೆ ಬಿಗಿಹಿಡಿದು ಹತ್ತು ಎಣಿಸಿ ಬಿಡಬೇಕು, ದಿನಕ್ಕೆ ಮೂರು ಸಲ, ಮೂರು ತಿಂಗಳು. ಬಹಳ ಜನಕ್ಕೆ ಕಡಿಮೆಯಾಗುತ್ತದಂತೆ. ಮನೆಗೆ ಬಂದು ಇದನ್ನೆಲ್ಲ ನಿಮ್ಮವ್ವನಿಗೆ ಕೇಳುವ ಹಾಗೆ ಹೇಳಿದೆ. ಮುಖ ತಿರುಗಿಸಿಕೊಂಡು ಕೇಳಿದರು.

ಇನ್ನು ನಿಮ್ಮ ಲೆಕ್ಕಕ್ಕೆ ಬರುತ್ತೇನೆ. ರೂಪ ಹುಟ್ಟುವ ದಿನ ಆಪರೇಷನ್ ಮಾಡೋಣ, ಸಹಿ ಹಾಕಿ ಎಂದು ಡಾಕ್ಟರು ಕಾಗದ ಹಿಡಿದು ನಿಂತಿದ್ದರು. "ಹೊಟ್ಟೆ ಕೊಯ್ಸಿಕೊಂಡೋಳು ಆರು ತಿಂಗಳು ಮಗ್ಗಕ್ಕೆ ಇಳಿಯಲ್ಲ" ಎಂದು ನೀವು ಬೀಡಿ ಸೇದಲು ಹೊರಗೆ ಹೋದಿರಿ. ನೋವಿನಲ್ಲಿದ್ದರೂ ನನಗೆ ಕೇಳಿಸಿತು. ಕೊನೆಗೆ ಇಕ್ಕಳವೇ ಗತಿಯಾಯಿತು. ಕೊಯ್ದಿದ್ದರೆ ಇದು ಬರುತ್ತಲೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಬಸಿರಿನ ಭಾರಕ್ಕೇ ಕೆಲವರಿಗೆ ಬರುತ್ತದೆ ಎಂದು ಡಾಕ್ಟರೇ ಹೇಳಿದರು. ಆದರೆ ಹಸಿ ಬಾಣಂತಿಯನ್ನು ಇಪ್ಪತ್ತೆರಡನೇ ದಿನ ಗುಂಡಿಗೆ ಇಳಿಸಿದ್ದು ಇಕ್ಕಳವಲ್ಲ. ಯಾವ ಮಗ್ಗಕ್ಕಾಗಿ ಸಹಿ ಹಾಕಲಿಲ್ಲವೋ ಅದೇ ಮಗ್ಗದಿಂದ ಈಗ ನನ್ನನ್ನು ಎಬ್ಬಿಸುತ್ತಿದ್ದೀರಿ.

ನಾನು ತವರಿಗೆ ಹೋಗುವುದಿಲ್ಲ. ಅರ್ಧ ನೇಯ್ದ ಸೀರೆಯನ್ನು ನಾನೇ ಮುಗಿಸುತ್ತೇನೆ. ಧರ್ಮಾವರದಲ್ಲಿರುವ ನನ್ನ ಸೋದರಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. ನಿಮಗೆ ಸಲ್ಲಬೇಕಾದದ್ದನ್ನು ಮೇಲೆಯೇ ಬರೆದಿದ್ದೇನೆ.

ಮಂಗಳಗೌರಿ

ಮತ್ತೊಂದು ಮಾತು: ಲಕೋಟೆ ಅಂಟಿಸುವಾಗ ನಿಮ್ಮವ್ವ ಬಂದು ಪಕ್ಕದಲ್ಲಿ ಕೂತರು. "ಗೌರಿ, ಆ ಹತ್ತು ಎಣಿಸೋದು ನನ್ನ ವಯಸ್ಸಿನೋರಿಗೂ ಆಗ್ತೈತೇನೇ?" ಎಂದರು. ಎರಡು ದಿನ ನೋವು ತಿಂದು ನಿಮ್ಮನ್ನು ಹೆತ್ತ ಮೇಲೆ ಶುರುವಾಗಿದ್ದಂತೆ. ಮೂವತ್ತೊಂದು ವರ್ಷ ಅದೇ ಗುಂಡಿಯಲ್ಲಿ, ಹೀಗೇ ಬಟ್ಟೆ ಮಡಿಸಿ ಇಟ್ಟುಕೊಂಡು ನೇಯ್ದಿದ್ದಾರೆ. ನೀವು ಉಂಡು ಬೆಳೆದದ್ದು ಆ ನೇಯ್ಗೆಯಿಂದ. ಕಳಿಸುವುದಾದರೆ ಇಬ್ಬರನ್ನೂ ಕಳಿಸಬೇಕಾಗುತ್ತದೆ. ಅವರ ತವರಿನಲ್ಲಿ ಈಗ ಯಾರೂ ಇಲ್ಲ. ಎಲ್ಲಿಗೆ ಎಂದು ಬರೆಯಿರಿ.